ಬಾಗಲಕೋಟೆಯ ಒಂದು ಚುನಾವಣೆ

ತರಗತಿಯಲ್ಲಿ ಒಬ್ಬ ಹುಡುಗ ಒಮ್ಮೆ ನನ್ನನ್ನು ಕೇಳಿದ: “ಸರ್, ಪರೀಕ್ಷೆಗೆ ಕೂತವನಿಗೂ ಅಭ್ಯರ್ಥಿ ಅಂತಾರ, ಇಲೆಕ್ಷನ್ನಿಗೆ ನಿಂತವರಿಗೂ ಅಭ್ಯರ್ಥಿ ಅಂತಾರ. ಎರಡಕ್ಕೂ ಒಂದ ಶಬ್ದ ಯಾಕ್ರಿ?” ಪ್ರಶ್ನೆ ಸಣ್ಣದಲ್ಲ. ಅಭ್ಯರ್ಥಿ ಎಂದರೆ ಎದುರಿಗೆ ಬಂದು ಬೇಡುವವನು. ಒಬ್ಬನು ಅಂಕಗಳನ್ನು ಬೇಡುತ್ತಾನೆ, ಇನ್ನೊಬ್ಬನು ನಮ್ಮ ಮತವನ್ನು ಬೇಡುತ್ತಾನೆ. ನಮ್ಮ ಕಡೆಯ ಹಿರಿಯರು ‘ಉಮೇದುವಾರ’ ಎನ್ನುತ್ತಿದ್ದರು. ‘ಉಮೇದು’ ಪಾರಸಿಯ ಮಾತು, ಆಶೆ ಎಂದು ಅರ್ಥ. ಇಂಗ್ಲಿಷಿನ ‘ಕ್ಯಾಂಡಿಡೇಟ್’ ಎಂಬುದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಪ್ರಾಚೀನ ರೋಮಿನಲ್ಲಿ ಅಧಿಕಾರಸ್ಥಾನ ಬಯಸುವವರು ಬೆಳ್ಳಗೆ ಮಾಡಿದ ನಿಲುವಂಗಿ ತೊಟ್ಟು ಜನರೆದುರು ಬರುತ್ತಿದ್ದರಂತೆ, ಬಿಳಿಯುಟ್ಟವನೇ ಕ್ಯಾಂಡಿಡೇಟ್. ಬಿಳಿಯುಟ್ಟು, ಆಶೆಯಿಟ್ಟು, ಬೇಡಲು ಬಂದವನೆಂದು ಮೂರು ಭಾಷೆಗಳನ್ನು ಕೂಡಿಸಿ ಹೇಳಬಹುದು.

ಅವನು ಬೇಡುವುದಾದರೂ ಏನನ್ನು? ‘ಮತ’ವನ್ನು. ‘ಮನನ’ ಎಂಬ ಶಬ್ದ ಹುಟ್ಟಿದ ಧಾತುವಿನಿಂದಲೇ ‘ಮತ’ವೂ ಹುಟ್ಟಿದೆ. ಮನಸ್ಸಿನಲ್ಲಿ ಮಥಿಸಿ ತಾಳಿದ ಅಭಿಪ್ರಾಯವೇ ಮತ. ಬಾಗಿಲಿಗೆ ಬಂದವರಲ್ಲಿ ಒಬ್ಬರು ಯೋಗ್ಯರು, ಇನ್ನೊಬ್ಬರು ಅಯೋಗ್ಯರು ಎಂದಾದರೆ ಮನನಕ್ಕೆ ಹೆಚ್ಚು ಕೆಲಸವಿಲ್ಲ. ಇಬ್ಬರೂ ಯೋಗ್ಯರಾಗಿ, ಒಬ್ಬರ ಯೋಗ್ಯತೆ ಒಂದು ಬಗೆಯದು, ಇನ್ನೊಬ್ಬರದು ಇನ್ನೊಂದು ಬಗೆಯದು ಎಂದಾದಾಗ ಮತದಾರನ ಪಾಡು ಕಠಿಣವಾಗುತ್ತದೆ. ಅಂಥ ಒಂದು ಚುನಾವಣೆಯನ್ನು ನಮ್ಮ ಬಾಗಲಕೋಟೆ ಕ್ಷೇತ್ರ 1991ರಲ್ಲಿ ಕಂಡಿತು. ಅದರ ಸಂಗತಿಯನ್ನೇ ಈ ಹೊತ್ತು ತಮ್ಮೆದುರು ಹೇಳಬೇಕೆಂದಿದ್ದೇನೆ.

ಮೊದಲು ಕ್ಷೇತ್ರದ ಪರಿಚಯವಾಗಲಿ. ದೇಶದ ಮೊದಲ ಲೋಕಸಭಾ ಚುನಾವಣೆ 1951–52ರಲ್ಲಿ ನಡೆದಾಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಕ್ಷೇತ್ರದ ಹೆಸರು ಬಿಜಾಪುರ ದಕ್ಷಿಣ. ಆಗ ಮತಪತ್ರದ ಮೇಲೆ ಗುರುತು ಹಾಕುವ ಪದ್ಧತಿ ಇರಲಿಲ್ಲ. ಪ್ರತಿಯೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಗೆ ಅವನ ಚಿಹ್ನೆ ಅಂಟಿಸಿರುತ್ತಿದ್ದರು. ಮೆಚ್ಚಿದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. 1956ರ ನವೆಂಬರ 1ರಂದು ನಾವು ಕನ್ನಡನಾಡಿಗೆ ಸೇರಿದೆವು. 1967ರ ಚುನಾವಣೆಯಿಂದ ಕ್ಷೇತ್ರಕ್ಕೆ ಬಾಗಲಕೋಟೆ ಎಂಬ ಹೆಸರಾಯಿತು. ಜಿಲ್ಲೆಯಾದದ್ದು ಬಹಳ ತಡವಾಗಿ, 1997ರ ಆಗಸ್ಟ 15ರಂದು. ಇಂದು ಈ ಲೋಕಸಭಾ ಕ್ಷೇತ್ರದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಮುಧೋಳ, ಜಮಖಂಡಿ, ತೇರದಾಳ, ಮತ್ತು ಗದಗ ಜಿಲ್ಲೆಯ ನರಗುಂದ ಹೀಗೆ ಎಂಟು ವಿಧಾನಸಭಾ ಕ್ಷೇತ್ರಗಳು ಅಡಕವಾಗಿವೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರು ನದಿಗಳ ನಾಡು ಇದು. ಆದರೂ ನೀರು ಕಂಡ ಊರಿಗಿಂತ ಮಳೆಯ ಮುಖ ನೋಡುವ ಊರುಗಳಿಗೇನೂ ಕೊರತೆಯಿಲ್ಲ. ಕಬ್ಬಿನ ಗದ್ದೆಯವರೂ, ಬಿಳಿಜೋಳದ ಎರೆಹೊಲದವರೂ, ಬಾದಾಮಿಯ ಗುಹೆಗಳ ಕೆಳಗೆ ಅಂಗಡಿ ಇಟ್ಟವರೂ, ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರೂ ಸೇರಿ ದಿಲ್ಲಿಗೆ ಒಬ್ಬನೇ ಪ್ರತಿನಿಧಿಯನ್ನು ಕಳಿಸಬೇಕು.

1991ರಲ್ಲಿ ಈ ಕ್ಷೇತ್ರಕ್ಕೆ ಜನತಾದಳದ ಉಮೇದುವಾರರಾಗಿ ಬಂದವರು ಶ್ರೀ ರಾಮಕೃಷ್ಣ ಹೆಗಡೆಯವರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯವರು. 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳಾದವರು, 1988ರವರೆಗೆ ರಾಜ್ಯವನ್ನಾಳಿದವರು. ಅವರ ಕಾಲದಲ್ಲಿಯೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ನಿಜವಾದ ಅಧಿಕಾರ ಬಂದದ್ದು, ಲೋಕಾಯುಕ್ತ ಸಂಸ್ಥೆ ಹುಟ್ಟಿದ್ದು. ಅವರ ಮಂತ್ರಿಮಂಡಲದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರಸಾಬ’ ಎಂದೇ ಹೆಸರಾದರು. ಮುಂದೆ ಹೆಗಡೆಯವರು ಕೇಂದ್ರದ ಯೋಜನಾ ಆಯೋಗದ ಉಪಾಧ್ಯಕ್ಷರೂ ಆಗಿದ್ದರು. ದೇಶಕ್ಕೆಲ್ಲ ಗೊತ್ತಿದ್ದ ಹೆಸರು ಅದು.

ಕಾಂಗ್ರೆಸ್ಸಿನಿಂದ ಎದುರು ನಿಂತವರು ಜಮಖಂಡಿಯ ಶ್ರೀ ಸಿದ್ದು ನ್ಯಾಮಗೌಡರು. ಅವರು ಅದುವರೆಗೆ ಮಂತ್ರಿಯಾಗಿರಲಿಲ್ಲ. ಆದರೆ ಅವರ ಹೆಸರಿಗೆ ಒಂದು ಒಡ್ಡು ಅಂಟಿಕೊಂಡಿತ್ತು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣಾನದಿಗೆ ಅಡ್ಡಲಾಗಿ, ಸರಕಾರದ ದಾರಿ ಕಾಯದೆ, ನದಿದಂಡೆಯ ರೈತರೇ ಸಂಘ ಕಟ್ಟಿಕೊಂಡು, ವಂತಿಗೆ ಎತ್ತಿ, ಶ್ರಮದಾನ ಮಾಡಿ 1989ರಲ್ಲಿ ಬ್ಯಾರೇಜೊಂದನ್ನು ಕಟ್ಟಿ ಮುಗಿಸಿದ್ದರು. ಅದರ ಮುಂದಾಳು ನ್ಯಾಮಗೌಡರು. ರೈತರ ಬೆವರ ಹನಿಯಿಂದ ನಿಂತ ನೀರೆಂದು ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಜನ ಅವರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆಯತೊಡಗಿದರು.

ನನಗಾಗ ಇಪ್ಪತ್ತೆರಡು ವರ್ಷ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಆದರೆ ಆ ವರ್ಷದ ಚುನಾವಣೆಗೆ ಯಾದಿಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ಆದಕಾರಣ ನನ್ನ ಮೊದಲ ವೋಟು ಇದೇ. ನಮ್ಮದು ಇಳಕಲ್ಲಿನ ನೇಕಾರರ ಮನೆ. ನಾನು ಕನ್ನಡ ಪಂಡಿತ ತರಬೇತಿಯ ಪುಸ್ತಕಗಳನ್ನು ಕಟ್ಟಿಕೊಂಡು ಊರಿಗೆ ಬಂದಿದ್ದೆ. ಹೆಗಡೆಯವರೆಂದರೆ ನಮ್ಮ ಗೆಳೆಯರ ಗುಂಪಿಗೆ ಬಲು ಅಭಿಮಾನ. ಅವರ ಮಾತಿನ ಹದ, ಸಭ್ಯತೆ, ಪಂಚಾಯತ ರಾಜ್ಯದ ವಿಚಾರಗಳು ನಮ್ಮನ್ನು ಸೆರೆಹಿಡಿದಿದ್ದವು. ಇಂಥವರು ನಮ್ಮ ಕ್ಷೇತ್ರಕ್ಕೆ ಬಂದದ್ದೇ ನಮ್ಮ ಪುಣ್ಯವೆಂದು ಓಣಿ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆವು.

ನಮ್ಮ ಸೋದರಮಾವ ಜಮಖಂಡಿ ತಾಲೂಕಿನ ಹೊಳೆದಂಡೆಯ ಊರಿನವರು. ಒಂದಿಷ್ಟು ಹೊಲ ಇಟ್ಟುಕೊಂಡವರು, ಬ್ಯಾರೇಜಿನ ಕೆಲಸಕ್ಕೆ ಹೋಗಿ ಮಣ್ಣು ಹೊತ್ತವರು. ಆ ಮೇ ತಿಂಗಳಲ್ಲಿ ಅಕ್ಕನ ಮನೆಗೆಂದು ಇಳಕಲ್ಲಿಗೆ ಬಂದರು. ಊಟಕ್ಕೆ ಕೂತಾಗ ಮಾತು ಚುನಾವಣೆಗೆ ತಿರುಗಿತು. ನಾನು ಹುಡುಗಬುದ್ಧಿಯಿಂದ, “ಒಡ್ಡು ಕಟ್ಟಿದವರೆಲ್ಲಾ ದಿಲ್ಲಿಗೆ ಹೊಂಟರ, ರಾಜ್ಯ ಆಳಿದವರು ಎಲ್ಲಿಗೆ ಹೋಗಬೇಕ್ರಿ ಮಾವಾ?” ಎಂದುಬಿಟ್ಟೆ. ಅವರ ಕೈ ತಾಟಿನಲ್ಲೇ ನಿಂತಿತು. “ಅಳಿಯಾ, ನೀ ಓದಿದಾಂವ ಅದೀ. ನಾ ಮಣ್ಣ ಹೊತ್ತಾಂವ ಅದೀನಿ. ಇಬ್ಬರದೂ ಒಂದೊಂದ ವೋಟ. ನನ್ನ ವೋಟಿಗೆ ನೀ ನಗಬ್ಯಾಡ,” ಎಂದವರೇ ಕೈತೊಳೆದುಕೊಂಡು ಎದ್ದರು. ಸಂಜೆಯ ಬಸ್ಸಿಗೆ ಹೊರಟೂ ಹೋದರು. ಅವ್ವ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಅಪ್ಪ ಮಾತ್ರ ಮಗ್ಗದಿಂದ ಏಳದೆಯೇ ಒಂದು ಮಾತು ಹೇಳಿದ. ಅದನ್ನು ತಿಳಿಯಬೇಕಾದರೆ ಇಳಕಲ್ಲ ಸೀರೆಯ ಮರ್ಮವನ್ನು ಸ್ವಲ್ಪ ಹೇಳಬೇಕು. ನಮ್ಮ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯ ನೂಲಿನದಾದರೂ ಸೆರಗು ರೇಶಿಮೆಯದು. ಈ ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಹಾಕಲೇಬೇಕು. ಅಪ್ಪ ಹೇಳಿದ್ದು ಇಷ್ಟು: “ದಿಲ್ಲಿಗೆ ಹೋಗಾಂವ ಕೊಂಡಿ ಇದ್ಧಂಗ. ಒಂದ ಕಡೆ ನಮ್ಮ ಎಳಿ ಹಿಡೀಬೇಕು, ಒಂದ ಕಡೆ ಅಲ್ಲೀ ಎಳಿ ಹಿಡೀಬೇಕು. ನೀ ಹೇಳಾಂವ ಅಲ್ಲೀ ಎಳಿ ಗಟ್ಟಿ ಹಿಡದಾನ. ನಿಮ್ಮ ಮಾವ ಹೇಳಾಂವ ಇಲ್ಲೀ ಎಳಿ ಗಟ್ಟಿ ಹಿಡದಾನ. ಯಾವ ಕಡೆ ಬಿಚ್ಚಿದರೂ ಸೀರಿ ಹರದ್ಹಂಗ. ಅದನ್ನ ವಿಚಾರ ಮಾಡ್ರಿ, ಜಗಳ ಆಡಬ್ಯಾಡ್ರಿ.”

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಓದಿನ ಬಲದಿಂದ ಈಗ ನೋಡಿದರೆ ಇದು ಜಗತ್ತಿನ ಹಳೆಯ ಚರ್ಚೆ. 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಎಂಬ ಬಂದರು ಪಟ್ಟಣದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ ಎಡ್ಮಂಡ್ ಬರ್ಕ್ ತನ್ನ ಮತದಾರರೆದುರು ನಿಂತು, ಪ್ರತಿನಿಧಿಯಾದವನು ಊರವರ ಹೇಳಿಕೆಯನ್ನು ಒಯ್ಯುವ ಹರಕಾರನಲ್ಲ, ಇಡೀ ದೇಶದ ಹಿತಕ್ಕಾಗಿ ತನ್ನ ವಿವೇಕವನ್ನು ಬಳಸಬೇಕಾದವನು ಎಂದು ವಾದಿಸಿದ. ಮಾತು ದೊಡ್ಡದು, ಇಂದಿಗೂ ಅದನ್ನು ಓದುತ್ತಾರೆ. ಆದರೆ ಬ್ರಿಸ್ಟಲಿನ ವ್ಯಾಪಾರಿಗಳಿಗೆ ಅದು ಪಥ್ಯವಾಗಲಿಲ್ಲ. 1780ರಲ್ಲಿ ಅಲ್ಲಿ ಗೆಲ್ಲುವ ಭರವಸೆಯಿಲ್ಲದೆ ಬರ್ಕ್ ಕಣದಿಂದ ಹಿಂದೆ ಸರಿಯಬೇಕಾಯಿತು. ಬರ್ಕನ ವಾದವೂ ಸುಳ್ಳಲ್ಲ, ಬ್ರಿಸ್ಟಲಿನವರ ಆಕ್ಷೇಪವೂ ಸುಳ್ಳಲ್ಲ.

ಹೊರಗಿನವರು ಬಂದು ನಿಲ್ಲಬಹುದೇ ಎಂಬ ಪ್ರಶ್ನೆಯೂ ಆಗ ಎದ್ದಿತ್ತು. ಕಾಯಿದೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಯಾದಿಯಲ್ಲಿ ಹೆಸರಿದ್ದವರು ಇನ್ನೊಂದು ಸಾಮಾನ್ಯ ಕ್ಷೇತ್ರದಿಂದ ಸ್ಪರ್ಧಿಸಬಹುದು. ದೂರದ ಕೆನಡಾ ದೇಶದಲ್ಲಿಯೂ ಇಂಥದೇ ಪದ್ಧತಿ ಇದೆ. ಹೊರಗಿನಿಂದ ಬಂದವರನ್ನು ಅಲ್ಲಿ ಪ್ಯಾರಾಚೂಟಿನಿಂದ ಇಳಿದವರೆಂದು ಹಾಸ್ಯ ಮಾಡುತ್ತಾರೆ. ನಮ್ಮಲ್ಲಿಯೂ ಹೆಗಡೆಯವರಿಗಿಂತ ಮೊದಲೇ ಇದಕ್ಕೆ ಮೇಲ್ಪಂಕ್ತಿ ಇತ್ತು. ಗುಲಬರ್ಗಾ ಕಡೆಯ ಶ್ರೀ ವೀರೇಂದ್ರ ಪಾಟೀಲರು, ಅವರೂ ಹಿಂದಿನ ಮುಖ್ಯಮಂತ್ರಿಗಳೇ, 1980ರಲ್ಲಿ ಇದೇ ಬಾಗಲಕೋಟೆಯಿಂದ ಗೆದ್ದು ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಮಂತ್ರಿಗಳಾಗಿದ್ದರು. ಆದುದರಿಂದ ಪರಸ್ಥಳದವರನ್ನು ಒಲ್ಲೆವೆನ್ನುವ ಹಟ ನಮ್ಮ ಜನಕ್ಕೆ ಇತ್ತೆಂದು ಹೇಳಲಾಗದು.

ಮೇ 21ರ ರಾತ್ರಿ ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ರಾಜೀವ ಗಾಂಧಿಯವರ ಹತ್ಯೆಯಾಯಿತು. ದೇಶವೇ ದಿಙ್ಮೂಢವಾಯಿತು. ಉಳಿದ ಮತದಾನವನ್ನು ಜೂನ್ ತಿಂಗಳಿಗೆ ಮುಂದೂಡಿದರು. ನಮ್ಮಲ್ಲಿ ವೋಟು ನಡೆದದ್ದು ಜೂನಿನಲ್ಲಿಯೇ. ಅವ್ವ ಬೆಳಿಗ್ಗೆ ಮಿಂದು, ಮಡಿಸಿಟ್ಟ ಸೀರೆ ತೆಗೆದುಟ್ಟು, ಓಣಿಯ ಹೆಣ್ಣುಮಕ್ಕಳೊಡನೆ ಶಾಲೆಯ ಹತ್ತಿರ ಸಾಲಿನಲ್ಲಿ ನಿಂತಳು. ಒಂದೇ ಮತಪತ್ರದಲ್ಲಿ ಎಲ್ಲರ ಹೆಸರು, ಎಲ್ಲರ ಚಿಹ್ನೆ. ಹಸ್ತವೂ ಅಲ್ಲಿಯೇ, ಚಕ್ರವೂ ಅಲ್ಲಿಯೇ. ಮುದ್ರೆ ಒತ್ತಿ, ಮಡಿಚಿ, ಪೆಟ್ಟಿಗೆಗೆ ಹಾಕಬೇಕು. ಮನೆಗೆ ಬಂದ ಮೇಲೆ ನಾನು ತಡೆಯಲಾರದೆ ಕೇಳಿದೆ: “ಯಾರಿಗೆ ಹಾಕಿದಿ ಅವ್ವಾ?” ಒಂದು ಕಡೆ ತಮ್ಮ, ಒಂದು ಕಡೆ ಮಗ. ಅವಳು ಸೆರಗಿನಿಂದ ಬೆವರೊರಸಿಕೊಂಡು, “ಪೆಟಿಗಿಗೆ ಹಾಕೇನಿ,” ಎಂದಳು. ಕೊನೆಯವರೆಗೂ ಆ ಗುಟ್ಟನ್ನು ಅವಳು ಬಿಡಲಿಲ್ಲ. ಗುಪ್ತಮತದಾನದ ಮೇಲೆ ನಾನು ಆಮೇಲೆ ಎಷ್ಟೋ ಪಾಠ ಮಾಡಿದ್ದೇನೆ. ಅದಕ್ಕಿಂತ ಒಳ್ಳೆಯ ಪಾಠವನ್ನು ಮಾಡಲು ಆಗಿಲ್ಲ.

ಎಣಿಕೆಯಾಯಿತು. ಸುಮಾರು 21 ಸಾವಿರ ಮತಗಳ ಅಂತರದಿಂದ ನ್ಯಾಮಗೌಡರು ಗೆದ್ದರು. ಮಾಜಿ ಮುಖ್ಯಮಂತ್ರಿಗಳನ್ನು ಒಬ್ಬ ರೈತ ಮುಂದಾಳು ಸೋಲಿಸಿದನೆಂಬ ಸುದ್ದಿ ದೇಶದ ತುಂಬ ಹಬ್ಬಿತು. ಅವರು ಕೇಂದ್ರ ಮಂತ್ರಿಮಂಡಲದಲ್ಲಿ ಕಲ್ಲಿದ್ದಲು ಖಾತೆಯ ಹೊಣೆಯನ್ನೂ ಹೊತ್ತರು.

ಈಗ ನಮ್ಮ ಕಡೆ ಈ ಚುನಾವಣೆಯ ಕಥೆ ಹೇಳುವವರು, ‘ಒಂದು ಒಡ್ಡು ಹೆಗಡೆಯವರನ್ನು ಕೆಡವಿತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕಥೆಗೆ ಅದು ಚೆಂದ, ನಿಜಕ್ಕೆ ಸಾಲದು. ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸು 23ನ್ನು ಗೆದ್ದಿತು. ಜನತಾದಳಕ್ಕೆ ರಾಜ್ಯದಲ್ಲಿ ಒಂದೂ ಸ್ಥಾನ ದೊರೆಯಲಿಲ್ಲ. ರಾಜೀವರ ಸಾವಿನ ದುಃಖವೂ, ಜನತಾ ಪರಿವಾರದ ಒಡಕೂ ಎಲ್ಲೆಡೆ ಕೆಲಸ ಮಾಡಿದ್ದವು. ಅಂಥ ಬಿರುಗಾಳಿಯಲ್ಲಿ 21 ಸಾವಿರ ದೊಡ್ಡ ಅಂತರವೇನೂ ಅಲ್ಲ. ಹೆಗಡೆಯವರನ್ನು ಮೆಚ್ಚಿದವರೂ ಲಕ್ಷಗಟ್ಟಲೆ ಇದ್ದರೆಂಬುದನ್ನೇ ಅದು ಹೇಳುತ್ತದೆ. ಇನ್ನು ಚಿಕ್ಕಪಡಸಲಗಿಯ ನೀರು ಹುನಗುಂದಕ್ಕೂ ಬರಲಿಲ್ಲ, ಬಾದಾಮಿಗೂ ಬರಲಿಲ್ಲ, ನಮ್ಮ ಇಳಕಲ್ಲಿಗಂತೂ ಇಲ್ಲ. ನೇಕಾರನ ಚಿಂತೆ ನೂಲಿನ ಬೆಲೆಯದು. ಗಾಳಿಯ ಪಾಲು ಗಾಳಿಗೆ, ಒಡ್ಡಿನ ಪಾಲು ಒಡ್ಡಿಗೆ ಕೊಡುವುದು ನ್ಯಾಯ.

ನಮ್ಮ ರಾಜ್ಯದ ಮತದಾರನು ಹಾಗೆ ಬೇರ್ಪಡಿಸಿ ತೂಗಬಲ್ಲನೆಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. 1984ರ ಡಿಸೆಂಬರದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕವು ಕಾಂಗ್ರೆಸ್ಸಿಗೆ 24 ಸ್ಥಾನ ಕೊಟ್ಟಿತು, ಜನತಾ ಪಕ್ಷಕ್ಕೆ ನಾಲ್ಕೇ. ಜನ ತಮ್ಮ ಮೇಲೆ ವಿಶ್ವಾಸ ಇಟ್ಟಿಲ್ಲವೆಂದು ಹೆಗಡೆಯವರು ರಾಜೀನಾಮೆ ಕೊಟ್ಟು ವಿಧಾನಸಭೆಯ ಚುನಾವಣೆಗೆ ಹೋದರು. ಮೂರೇ ತಿಂಗಳಲ್ಲಿ, 1985ರ ಮಾರ್ಚದಲ್ಲಿ, ಅದೇ ಜನ ಅವರಿಗೆ 224ರಲ್ಲಿ 139 ಸ್ಥಾನ ಕೊಟ್ಟು ಮತ್ತೆ ಕೂಡ್ರಿಸಿದರು. ದಿಲ್ಲಿಗೆ ಒಂದು ತಕ್ಕಡಿ, ಬೆಂಗಳೂರಿಗೆ ಇನ್ನೊಂದು ತಕ್ಕಡಿ.

ಆ ವರ್ಷದ ದೀಪಾವಳಿಗೆ ಅವ್ವ ನನ್ನನ್ನು ಮಾವನ ಊರಿಗೆ ಕಳಿಸಿದಳು. ನಾನು ತಲೆತಗ್ಗಿಸಿಕೊಂಡೇ ಹೋದೆ. ಮಾವ ಹಳೆಯದೇನೂ ಎತ್ತಲಿಲ್ಲ. ಬೆಳಿಗ್ಗೆ ಎಬ್ಬಿಸಿ, ಹೊಳೆಗೆ ಕರೆದುಕೊಂಡು ಹೋಗಿ ಬ್ಯಾರೇಜಿನ ಹತ್ತಿರ ನಿಲ್ಲಿಸಿದರು. ಮಳೆಗಾಲ ಮುಗಿದ ಮೇಲೆ ಬಾಗಿಲು ಇಳಿಸಿ, ಹರಿದು ಹೋಗುವ ನೀರನ್ನು ಹಿಡಿದಿಡುತ್ತಾರೆ. ಹಿನ್ನೀರಿಗೆ ಪಂಪು ಹಚ್ಚಿ ದಂಡೆಯ ಹೊಲಗಳಿಗೆ ಎತ್ತುತ್ತಾರೆ. ಇಷ್ಟೇ ಅದರ ಯಂತ್ರ. “ಬ್ಯಾಸಗ್ಯಾಗ ಈ ಹೊಳಿಯೊಳಗ ಮೊದಲ ಉಸುಕ ಇರತಿತ್ತು ಅಳಿಯಾ. ಉಸುಕ ತೋಡಿ ವರತಿ ನೀರ ತುಂಬತಿದ್ದರು ನಿಮ್ಮತ್ತಿ,” ಎಂದು ಅವರು ಕೈ ಮಾಡಿ ತೋರಿಸಿದರು. ನಾನು ಜಿಲ್ಲಾ ಪರಿಷತ್ತಿನ ಬಗ್ಗೆ ಓದಿ ಮೆಚ್ಚಿದ್ದೆ. ಜನರು ತಮ್ಮ ಕೆಲಸವನ್ನು ತಾವೇ ನಿರ್ವಹಿಸಬೇಕೆಂಬುದೇ ಅದರ ತಿರುಳು. ಆ ತಿರುಳು ಇಲ್ಲಿ ಕಲ್ಲು-ಗಾರೆಯಲ್ಲಿ ನಿಂತಿತ್ತು. ನಾನು ಮೆಚ್ಚಿದ ವಿಚಾರಕ್ಕೂ ಮಾವ ಹೊತ್ತ ಮಣ್ಣಿಗೂ ಇದ್ದ ನಂಟನ್ನು ಕಾಣದೆ ಅವರನ್ನು ಊಟದಿಂದ ಎಬ್ಬಿಸಿದ್ದೆನಲ್ಲಾ ಎಂದು ಕಣ್ಣು ಒದ್ದೆಯಾಯಿತು. ಅಲ್ಲಿಯೇ ಕಾಲು ಮುಟ್ಟಿದೆ. “ಏಳೋ ಹುಚ್ಚಾ,” ಎಂದರು, ಅಷ್ಟೇ.

ಮುಂದೆ ಕಾಲ ತನ್ನ ಲೆಕ್ಕವನ್ನು ತಾನೇ ಬರೆಯಿತು. 1996ರಲ್ಲಿ ಇದೇ ಕ್ಷೇತ್ರ ಜನತಾದಳದ ಶ್ರೀ ಎಚ್. ವೈ. ಮೇಟಿಯವರನ್ನು ಆರಿಸಿತು. 1998ರಲ್ಲಿ ಹೆಗಡೆಯವರು ಕಟ್ಟಿದ ಲೋಕಶಕ್ತಿ ಪಕ್ಷದ ಶ್ರೀ ಅಜಯಕುಮಾರ ಸರನಾಯಕರನ್ನು ಗೆಲ್ಲಿಸಿತು. ಹೆಗಡೆಯವರನ್ನು ಒಲ್ಲೆನೆಂದ ಕ್ಷೇತ್ರವೇ ಏಳು ವರ್ಷಗಳ ಮೇಲೆ ಅವರ ಪಕ್ಷದ ಕೈ ಹಿಡಿಯಿತು. ಅದೇ ವರ್ಷ ಹೆಗಡೆಯವರು ಕೇಂದ್ರದ ವಾಣಿಜ್ಯ ಮಂತ್ರಿಗಳಾದರು. 2004ರಿಂದ 2024ರವರೆಗೆ ಐದು ಚುನಾವಣೆಗಳಲ್ಲಿಯೂ ಭಾರತೀಯ ಜನತಾ ಪಕ್ಷದ ಶ್ರೀ ಪಿ. ಸಿ. ಗದ್ದಿಗೌಡರು ಗೆದ್ದಿದ್ದಾರೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಮೈಸೂರು ಸೀಮೆಯ ಶ್ರೀ ಸಿದ್ದರಾಮಯ್ಯನವರು ಬಾದಾಮಿಗೆ ಬಂದು ನಿಂತು 1,696 ಮತಗಳಿಂದ ಆರಿಸಿಬಂದದ್ದು ತಮಗೆಲ್ಲ ನೆನಪಿರಬೇಕು. ಅದೇ ಚುನಾವಣೆಯಲ್ಲಿ ಜಮಖಂಡಿಯಿಂದ ಮರಳಿ ಗೆದ್ದಿದ್ದ ನ್ಯಾಮಗೌಡರು ಆ ಮೇ 28ರಂದು ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಹೆಗಡೆಯವರು 2004ರ ಜನವರಿಯಲ್ಲಿಯೇ ಕಣ್ಮರೆಯಾಗಿದ್ದರು. ಎದುರುಬದುರಾಗಿ ನಿಂತಿದ್ದ ಇಬ್ಬರೂ ಇಂದು ಇಲ್ಲ.

ನಾನು ಮಾಸ್ತರನಾದ ಮೇಲೆ ಎಷ್ಟೋ ಸಲ ಇಲೆಕ್ಷನ್ ಡ್ಯೂಟಿಗೆ ಹೋಗಿದ್ದೇನೆ. ಮುಂಚಿನ ದಿನ ಸಾಮಾನು ಎಣಿಸಿಕೊಂಡು, ಬಸ್ಸಿನಲ್ಲಿ ಯಾವುದೋ ಹಳ್ಳಿಗೆ ಹೋಗಿ, ಶಾಲೆಯ ಕೋಣೆಯಲ್ಲಿ ಮಲಗಿ, ನಸುಕಿನಲ್ಲೆದ್ದು ಏಜಂಟರ ಸಮಕ್ಷಮ ಅಣಕು ಮತದಾನ ಮಾಡಿ ತೋರಿಸಬೇಕು. ಈಗ ಪೆಟ್ಟಿಗೆಯ ಜಾಗಕ್ಕೆ ಯಂತ್ರ ಬಂದಿದೆ. ಗುಂಡಿ ಒತ್ತಿದ ಮೇಲೆ ಚೀಟಿಯೊಂದು ಏಳು ಸೆಕೆಂಡು ಗಾಜಿನೊಳಗೆ ಕಂಡು ಕೆಳಗೆ ಬೀಳುತ್ತದೆ. ಬೆರಳಿಗೆ ಹಚ್ಚುವ ಶಾಯಿ ಮಾತ್ರ ಹಳೆಯದೇ, 1962ರಿಂದ ಮೈಸೂರಿನ ಕಾರಖಾನೆಯಿಂದಲೇ ಬರುತ್ತಿದೆ. ಒಮ್ಮೆ ಬಾದಾಮಿ ತಾಲೂಕಿನ ಹಳ್ಳಿಯೊಂದರಲ್ಲಿ ವಯಸ್ಸಾದ ಅಜ್ಜಿಯೊಬ್ಬಳು ಬೆರಳು ಚಾಚಿದವಳೇ, “ಮಾಸ್ತರ, ನೀ ಕಲಿತಾಂವ, ಯಾರಿಗೆ ಒತ್ತಲಿ ಹೇಳಪಾ,” ಎಂದಳು. ಅದನ್ನು ಹೇಳುವ ಅಧಿಕಾರ ನನಗಿಲ್ಲ, ನಿನ್ನ ಮನಸ್ಸಿಗೆ ಬಂದವರಿಗೆ ಒತ್ತಬೇಕೆಂದೆ. ಅವಳು ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತಳು. ಹಿಂದಿನ ಸಾಲಿನವರು ಗೊಣಗಿದರು. ನಾನು ಅವಸರ ಮಾಡಲಿಲ್ಲ. ಆಕೆ ನಿಂತದ್ದೇ ಮನನವೆಂದು ನನಗೆ ಅನ್ನಿಸಿತು.

ಮುಂದಿನ ಚುನಾವಣೆ ಬರುತ್ತದೆ, ಬಿಳಿಯುಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ. ಬಾಗಲಕೋಟೆ–ಕುಡಚಿ ರೈಲಿನ ಮಾತಿರಲಿ, ಕೃಷ್ಣೆಯ ನೀರಿನ ಹಂಚಿಕೆಯಿರಲಿ, ನೇಕಾರನ ನೂಲಿರಲಿ, ದಿಲ್ಲಿಯಲ್ಲಿ ಇತ್ಯರ್ಥವಾಗಬೇಕಾದ ಸಂಗತಿಗಳು ನಮಗೆ ಬಹಳ ಇವೆ. ಬಂದವರನ್ನು ತಾವು ಎರಡು ಪ್ರಶ್ನೆ ಕೇಳಿರಿ: ಈ ನೆಲದ ಎಳೆಯನ್ನು ಎಷ್ಟು ಬಲ್ಲಿರಿ? ಅಲ್ಲಿಯ ಎಳೆಗೆ ಅದನ್ನು ಹೇಗೆ ಕೂಡಿಸುವಿರಿ? ಉತ್ತರವನ್ನು ಮನೆಮಂದಿಯೆಲ್ಲ ಕೂತು ವಿಚಾರ ಮಾಡಿರಿ. ಒಬ್ಬೊಬ್ಬರ ವಿಚಾರ ಒಂದೊಂದು ಬಗೆಯದಾದರೆ ಆಗಲಿ; ಅದಕ್ಕಾಗಿ ಯಾರೂ ಊಟದ ತಾಟು ಬಿಟ್ಟು ಏಳುವಂತಾಗದಿರಲಿ.

1991ರಲ್ಲಿ ನಾನು ಯಾರಿಗೆ ಮತ ಕೊಟ್ಟೆನೆಂದು ನನ್ನ ಹುಡುಗರು ಕೇಳುವುದುಂಟು. ಅವ್ವ ಹೇಳಿದ ಉತ್ತರವನ್ನೇ ನಾನೂ ಹೇಳುತ್ತೇನೆ.